ನಾಲ್ಕನೆಯ ಬಟನ್

ಭಾವು ನಾಲ್ಕು ಸಲ ಕಾರ್ಪೊರೇಷನ್ ಚುನಾವಣೆಗೆ ನಿಂತರು. ನಾಲ್ಕೂ ಸಲ ನಮ್ಮ ಬೂತಿನಲ್ಲಿ ಅವರ ಏಜೆಂಟಾಗಿ ಕೂತವನು ನಾನು. ಮತದಾರರ ಪಟ್ಟಿ ತೊಡೆಯ ಮೇಲಿಟ್ಟುಕೊಂಡು, ಬಂದವರ ಹೆಸರಿನ ಮೇಲೆ ಗೆರೆ ಎಳೆಯುವುದು ನನ್ನ ಕೆಲಸ. ಬಿಡಿಸಿ ಹೇಳಿದರೆ ಇಷ್ಟೇ, ಆದರೆ ಆ ಕುರ್ಚಿಯ ಮೇಲೆ ಕೂತಾಗ ನನಗೆ ಭಾಳ ಗತ್ತು ಇರುತ್ತಿತ್ತು.

ಅವರು ಮರಾಠಿಯವರು; ಭಾವು ಅಂದರೆ ಅವರ ಭಾಷೆಯಲ್ಲಿ ಅಣ್ಣ. ಆ ಮರಾಠಿ ಊರಿನಲ್ಲಿ ನಮ್ಮ ಗಲ್ಲಿಯ ತುಂಬ ಮಾತ್ರ ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದ ಮಂದಿ. ಮೊದಲ ಸಲ ಪಕ್ಷೇತರರಾಗಿ ನಿಂತಾಗ ಕನ್ನಡ ಬಲ್ಲವನೊಬ್ಬ ಬೇಕಾಗಿ, ನಾನು ಗುಮಾಸ್ತನಾಗಿದ್ದ ಕ್ಯಾಂಪ್ ಬಜಾರಿನ ಬಟ್ಟೆ ಅಂಗಡಿಗೇ ಹುಡುಕಿಕೊಂಡು ಬಂದಿದ್ದರು. ನಾನು ಕಲಿಸಿದ್ದು ಒಂದೇ ವಾಕ್ಯ: “ಅಕ್ಕಾರ, ನನ್ನ ಮ್ಯಾಲ ಲಕ್ಷ್ಯ ಇರ್ಲಿ.” ಅದನ್ನು ಅವರು ಮೀಸೆ ಹೊತ್ತ ಗಂಡಸರಿಗೂ ಕೈಮುಗಿದು ಹೇಳಿದರು. ಗಲ್ಲಿ ನಕ್ಕು ನಕ್ಕು ಸುಸ್ತಾಯಿತು, ವೋಟು ಮಾತ್ರ ಬೇರೆಯವರಿಗೆ ಹಾಕಿತು. ಎರಡನೆಯ ಸಲವೂ ಅದೇ ವಾಕ್ಯ ಹೇಳಿದರು, ಗೆದ್ದರು.

ಗೆದ್ದವರು ಮೊದಲು ಮಾಡಿದ ಕೆಲಸ ಗಲ್ಲಿ ಕೂಡುವ ನಾಕೆಯ ಮೇಲಿನ ವಾಚನಾಲಯ. ತಗಡಿನ ಸೂರು, ಎರಡು ಬೆಂಚು, ಪೇಪರ್ ಹರವಲು ಇಳಿಜಾರಿನ ಹಲಗೆ. ಮರಾಠಿ ಪೇಪರುಗಳ ಜೊತೆ ನಮಗಾಗಿ ಒಂದು ಕನ್ನಡ ಪೇಪರನ್ನೂ ತರಿಸಿದರು. ಅದು ಹುಬ್ಬಳ್ಳಿ ಬಸ್ಸಿನಲ್ಲಿ ಬಂದು ನಮ್ಮ ಕೈ ಸೇರುವಷ್ಟರಲ್ಲಿ ಸುದ್ದಿ ಹಳತಾಗಿರುತ್ತಿತ್ತು. ಆದರೇನು, ಅಂಗಡಿಯಿಂದ ಬರುವಾಗ ನಾನು ಅದನ್ನು ಓದದೆ ಮನೆಗೆ ಹೋದದ್ದಿಲ್ಲ. ಊರಿನ ಬಸ್‌ಸ್ಟ್ಯಾಂಡಿನ ಫೋಟೊ ಒಂದು ಬಂದರೂ ಬೆಂಚಿನ ಮೇಲಿದ್ದ ಐದಾರು ಜನ ಅದನ್ನೇ ಗಂಟೆಗಟ್ಟಲೆ ನೋಡುತ್ತಿದ್ದೆವು.

ಮುಂದಿನ ಚುನಾವಣೆಯಲ್ಲಿ ಚೀಟಿ ಎತ್ತಿದಾಗ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಭಾವು ಐದು ವರ್ಷ ಮನೆಯಲ್ಲಿ ಕೂತರು. ಕೂತರು ಅನ್ನುವುದೂ ತಪ್ಪು. ನಳಕ್ಕೆ ನೀರು ಬರಲಿಲ್ಲವೆಂದು ಜನ ಅವರ ಬಾಗಿಲಿಗೇ ಹೋಗುತ್ತಿದ್ದರು, ಅವರು ಅರ್ಜಿ ಹಿಡಿದು ಆಫೀಸಿಗೆ ಹೋಗುತ್ತಿದ್ದರು. ಆಮೇಲೆ ವಾರ್ಡುಗಳನ್ನು ಕೂಡಿಸಿ ನಾಲ್ಕು ಸದಸ್ಯರ ಒಂದೇ ದೊಡ್ಡ ಪ್ರಭಾಗ ಮಾಡಿದರು. ಭಾವುಗೆ ಪಕ್ಷದ ಟಿಕೆಟ್ ಸಿಕ್ಕಿತು, ಮತ್ತೆ ಗೆದ್ದರು.

ವಾಚನಾಲಯ ಹೋದದ್ದು ಆ ಅವಧಿಯಲ್ಲಿ. ಒಂದು ಸೋಮವಾರ ಹೋಗಿ ನೋಡುತ್ತೇನೆ, ಸೂರೂ ಇಲ್ಲ, ಬೆಂಚೂ ಇಲ್ಲ. ವಾರದೊಳಗೆ ಅಲ್ಲಿ ಸೆಲ್ಫಿ ಪಾಯಿಂಟ್ ಬಂತು: ಆಳೆತ್ತರದ ಮಿನುಗುವ ಅಕ್ಷರ, ನಡುವೆ ಕೆಂಪು ಹೃದಯ, ಕೆಳಗೆ ಭಾವು ಹೆಸರು. ಕೇಳಿದ್ದಕ್ಕೆ ಅವರು ಮರಾಠಿಯಲ್ಲಿ, “ಈಗ ಪೇಪರ್ ಯಾರು ಓದುತ್ತಾರೆ ಅಣ್ಣಾ? ಬೇರೆ ಕಡೆ ಮಾಡೋಣ ಬಿಡಿ,” ಅಂದರು. ಮಾಡಲಿಲ್ಲ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಾಲಿನವನಿಂದ ಹಿಡಿದು ಸೊಸೈಟಿ ಸೆಕ್ರೆಟರಿಯವರೆಗೆ ನನ್ನಿಂದ ಬೈಸಿಕೊಳ್ಳದವರಿಲ್ಲ. ಆದರೆ ಭಾವು ಎದುರು ನಾಲಿಗೆ ಏಳಲಿಲ್ಲ. ಚುನಾವಣೆಯೂ ವರ್ಷಗಟ್ಟಲೆ ಮುಂದೆ ಹೋಯಿತು, ಸಿಟ್ಟು ಒಳಗೇ ಉಳಿಯಿತು. ಅಂತೂ ಚುನಾವಣೆ ಬಂದಾಗ, ಈ ಸಲ ಅವರಿಗೆ ವೋಟು ಹಾಕುವುದಿಲ್ಲ ಎಂದು ಹೆಂಡತಿಯ ಮುಂದೆ ಹೇಳಿದೆ.

“ಇಷ್ಟ ಸಿಟ್ಟ ಇದ್ರ ಅವ್ರ ಮಾರಿಗೇ ಹೇಳ್ರಿ,” ಅಂದಳು ಅವಳು, ರೊಟ್ಟಿ ಬಡಿಯುತ್ತ. “ಮಷೀನಿಗೆ ಹೇಳಿದ್ರ ಏನ್ ಬಂತು?”

ಆದರೂ ಮತದಾನದ ದಿನ ಎಂದಿನ ಹಾಗೆ ಏಜೆಂಟಾಗಿ ಕೂತೆ. ನಾನು ವೋಟು ಹಾಕಿ ಬರುವಷ್ಟು ಹೊತ್ತು ನನ್ನ ಕುರ್ಚಿಯಲ್ಲಿ ಭಾವು ಹೆಂಡತಿ ಕೂತರು. ನಾನು ಅವರನ್ನು ವಹಿನಿ, ಅಂದರೆ ಅತ್ತಿಗೆ, ಅನ್ನುತ್ತೇನೆ; ಅವರು ನನ್ನನ್ನು ಭಾವೋಜಿ, ಅಂದರೆ ಮೈದುನ, ಅನ್ನುತ್ತಾರೆ. ನಮ್ಮ ಪ್ರಭಾಗದಲ್ಲಿ ಒಬ್ಬೊಬ್ಬರೂ ನಾಲ್ಕು ಬಟನ್ ಒತ್ತಬೇಕು, ನಾಲ್ಕು ಜಾಗಕ್ಕೆ ನಾಲ್ಕು. ಎಲ್ಲ ಮುಗಿದ ಮೇಲೆಯೇ ಮಷೀನು ಪೀಂ ಅನ್ನುತ್ತದೆ. ಮೂರು ಒತ್ತಿದೆ. ನಾಲ್ಕನೆಯದು ಭಾವು ಜಾಗ. ಅವರ ಹೆಸರಿನ ಎದುರು ಬೆರಳಿಟ್ಟೆ, ತೆಗೆದೆ, ಮತ್ತೆ ಇಟ್ಟೆ.

ಮರೆಯ ಹೊರಗಿನಿಂದ ಅಧಿಕಾರಿ, “ಕಾಕಾ, ಇನ್ನೂ ಒಂದು ಬಾಕಿ ಇದೆ,” ಎಂದು ಕೂಗಿದ. ನನಗೆ ಗೊತ್ತಿಲ್ಲವೇನೋ ಮಹರಾಯ. ಕೊನೆಗೆ ಎಲ್ಲಕ್ಕಿಂತ ಕೆಳಗಿನ, ಯಾರೂ ಬೇಡ ಅನ್ನುವ ನೋಟಾ ಒತ್ತಿದೆ. ಪೀಂ ಅಂದಿತು. ಹೊರಗೆ ಬಂದಾಗ ವಹಿನಿ ನನ್ನ ಮುಖವನ್ನೇ ನೋಡುತ್ತಿದ್ದರು. ಪಟ್ಟಿ ಕೈಗಿತ್ತು, ಚಹಾದ ಥರ್ಮಾಸ್ ಪಕ್ಕಕ್ಕಿಟ್ಟು ಹೋದರು.

ಭಾವು ಸೋತರು. ನನ್ನ ಒಂದು ವೋಟಿನಿಂದ ಆಚೀಚೆ ಆಗುವ ಸೋಲಲ್ಲ ಅದು, ದೊಡ್ಡ ಸೋಲು. ಅದರಿಂದ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ವಹಿನಿಗೆ ಎಲ್ಲ ತಿಳಿದಿದೆ, ಇಷ್ಟು ವರ್ಷದ ಸ್ನೇಹ ಹೋಯಿತು ಎಂದೇ ನಂಬಿದ್ದೆ. ಎರಡು ದಿನ ಅವರ ಮನೆಯತ್ತ ಸುಳಿಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಭಾವು ತಾವೇ ಸ್ಕೂಟರ್ ತಂದು ನಮ್ಮ ಮನೆಯ ಕೆಳಗೆ ನಿಲ್ಲಿಸಿ ಮೇಲೆ ಬಂದರು. ಗಡ್ಡ ಬಿಟ್ಟಿದ್ದರು. “ನಡೀರಿ ಅಣ್ಣಾ, ಕಣ್ಣಿನ ಆಸ್ಪತ್ರೆಗೆ. ಹತ್ತು ಗಂಟೆಗೆ ಹೆಸರು ಬರೆಸಿದ್ದೇನೆ.”

“ಯಾರ ಕಣ್ಣು?”

“ನಿಮ್ಮದೇ. ಇವಳು ಹೇಳಿದಳು, ಭಾವೋಜಿಗೆ ಬಟನ್ನೇ ಕಾಣಿಸುತ್ತಿರಲಿಲ್ಲ, ಪಾಪ ಎಷ್ಟು ಹೊತ್ತು ತಡಕಾಡಿದರು, ಅಂತ. ಇಷ್ಟು ದಿನ ಪಟ್ಟಿ ನೋಡಿ ನೋಡಿಯೇ ನಿಮ್ಮ ಕಣ್ಣು ಹಾಳಾಗಿದ್ದು.”

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದೆ. ಅವರ ಬೆನ್ನ ಹಿಂದೆ ಸ್ಕೂಟರ್ ಏರಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಮೇಲೆ ತಡೆಯಲಾಗಲಿಲ್ಲ.

“ಭಾವು, ನನ್ನ ಕಣ್ಣು ಸರಿ ಇವೆ. ನಿಮ್ಮ ಹೆಸರು ಚೆನ್ನಾಗಿ ಕಂಡಿತ್ತು. ಕಂಡೇ ನೋಟಾ ಒತ್ತಿದೆ.”

ಅವರು ಕೈಯಲ್ಲಿದ್ದ ಫೈಲನ್ನು ಒಮ್ಮೆ ತಿರುವಿದರು. ಕೇಳಿದರು, “ವಾಚನಾಲಯ?”

“ಹೌದು.”

“ಊರಿಗೆಲ್ಲ ಬೈಯುತ್ತೀರಿ. ನನಗೊಬ್ಬನಿಗೆ ಯಾಕೆ ಬೈಯಲಿಲ್ಲ ಅಣ್ಣಾ?”

ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ನರ್ಸ್ ನಮ್ಮ ನಂಬರ್ ಕೂಗಿದಳು. ಮನೆಗೆ ಹೋಗೋಣ ಎಂದು ನಾನು ಎದ್ದೆ.

“ಬಂದದ್ದಂತೂ ಬಂದಿದ್ದೇವೆ, ತೋರಿಸಿಕೊಂಡೇ ಹೋಗೋಣ,” ಎಂದು ಭಾವು ನನ್ನ ಮೊಳಕೈ ಹಿಡಿದರು. ಕಣ್ಣು ಕಾಣದವನನ್ನು ಕರೆದೊಯ್ಯುವ ಹಾಗೆಯೇ, ಹೊಸ್ತಿಲು ಇದೆ ನೋಡಿ ಎಂದು ಹೇಳುತ್ತ, ನನ್ನನ್ನು ಒಳಗೆ ಕರೆದುಕೊಂಡು ಹೋದರು.