ಬಾಗಿಲಿಲ್ಲದ ನಡುಮನೆ

ಕೊರೊನಾ ಕಳೆದ ಮರುವರ್ಷದ ಮಾತು. ಆಗ ನಾನು ಹೊಸಪೇಟೆಯ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕಿ, ನಿವೃತ್ತಿ ಹತ್ತಿರವಿತ್ತು. ಇಡೀ ದಿನ ದುಡಿದೂ ಸೂರಿಲ್ಲದೆ ಒದ್ದಾಡುವ ಕುಟುಂಬಗಳಿಗೆಂದು ಚಿತ್ತವಾಡ್ಗಿಯಲ್ಲಿ ನಮ್ಮ ಕೆಲವು ಕೋಣೆಗಳಿದ್ದವು. ಬಾಡಿಗೆ ಕಡಿಮೆ, ಇರುವುದಕ್ಕೆ ಎರಡು ವರ್ಷದ ಗಡುವು. ಅಷ್ಟರಲ್ಲಿ ಅವರು ಚೂರುಪಾರು ಕೂಡಿಟ್ಟು ಬೇರೆ ಮನೆ ಹಿಡಿಯಬೇಕು. ಇದಕ್ಕೆ ಕಚೇರಿ ಭಾಷೆಯಲ್ಲಿ ಟ್ರಾನ್ಸಿಷನಲ್ ಹೌಸಿಂಗ್ ಎನ್ನುತ್ತಿದ್ದರು. ಕೋಣೆ ಕೊಡುವ ಮುಂಚೆ ನಾನು ಹೋಗಿ ವಿಚಾರಿಸಿಕೊಂಡು ಬರುವುದಕ್ಕೆ ಹೋಮ್ ವಿಸಿಟ್ ಎಂದು ಹೆಸರು. ಮನೆಯೇ ಇಲ್ಲದವರ ಮನೆ ಭೇಟಿ! ಆ ಹೆಸರಿಟ್ಟ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ಎರಡು ಮಾತು ಕೇಳುತ್ತಿದ್ದೆ.

ಆ ಬೇಸಿಗೆ ಒಂದು ಕೋಣೆ ಖಾಲಿಯಾಯಿತು. ಅದಕ್ಕೆ ಅರ್ಜಿ ಹಾಕಿದವನು ಗಾದಿಲಿಂಗಪ್ಪ, ಗೋದಾಮಿನಲ್ಲಿ ಹಮಾಲಿ. ಹೆಂಡತಿ ಹುಲಿಗೆಮ್ಮ ಹಂಪಿ ಕಡೆಯ ಲಾಡ್ಜುಗಳ ಚಾದರ, ದಿಂಬಿನ ಕವರು ಒಗೆಯುವವಳು. ಇಬ್ಬರು ಹೆಣ್ಣುಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದರು. ನಾಲ್ವರೂ ಮಲಗುತ್ತಿದ್ದದ್ದು ಒಂದು ಖಾನಾವಳಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಸೌದೆ ಮತ್ತು ಖಾಲಿ ಎಣ್ಣೆ ಡಬ್ಬಿಗಳ ಮಧ್ಯೆ. ಆ ಶೆಡ್ಡನ್ನು ಮಾಲೀಕ ಕೆಡವುವವನಿದ್ದ. ಮಳೆ ಶುರುವಾಗುವುದರೊಳಗೆ ಜಾಗ ಸಿಗದಿದ್ದರೆ ಬೆಳೆದ ಹುಡುಗಿಯರನ್ನು ಕಟ್ಟಿಕೊಂಡು ಬಸ್ ನಿಲ್ದಾಣದಲ್ಲಿ ಮಲಗಬೇಕಿತ್ತು.

ಆಯ್ಕೆ ಸಮಿತಿಯೆದುರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿದೆವು. ನಮ್ಮ ಅಧ್ಯಕ್ಷರು, ನಿವೃತ್ತ ಬ್ಯಾಂಕ್ ಮ್ಯಾನೇಜರು, ಮಾಮೂಲಿನಂತೆ ಸ್ವಂತ ಮನೆ ಇದೆಯೇ ಎಂದು ಕೇಳಿದರು. ಗಾದಿಲಿಂಗಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ.

“ಐತ್ರಿ. ಮೆಟ್ರ್ಯಾಗ ನಮ್ಮ ಮನಿ ಐತಿ.”

ಅದೇ ಉಸಿರಿಗೆ ಹುಲಿಗೆಮ್ಮ, “ಇಲ್ರಿ ಸಾಹೇಬ್ರ. ಮನಿ ಇಲ್ಲ” ಎಂದಳು.

ನನಗೆ ರೇಗಿಹೋಯಿತು. ಸ್ವಂತ ಮನೆಯಿರುವವರಿಗೆ ಕೋಣೆಯಿಲ್ಲ ಎಂದು ಅವನಿಗೆ ಮೊದಲೇ ಹೇಳಿದ್ದೆ. ಬಾಯಿಗೆ ಬಂದ ತುತ್ತನ್ನು ತಾನೇ ತಳ್ಳುತ್ತಿದ್ದಾನಲ್ಲ, ಏನು ಗಂಡಸಪ್ಪಾ ಇವನು ಎಂದುಕೊಂಡೆ. ಇಬ್ಬರಲ್ಲಿ ಯಾರದು ಸುಳ್ಳು ಎಂದು ನೋಡಿ ಬನ್ನಿ ಎಂದು ಅಧ್ಯಕ್ಷರು ನನ್ನನ್ನು ಕಳಿಸಿದರು.

ಕಂಪ್ಲಿ ಬಸ್ಸಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವರ ಊರು ಮೆಟ್ರಿಗೆ ಹೋದೆ. ಗಾದಿಲಿಂಗಪ್ಪನ ಅಣ್ಣ ಎರ್ರಿಸ್ವಾಮಿ ಕುರ್ಚಿ ಹಾಕಿ ಕೂರಿಸಿದ, ಚಹಾ ತರಿಸಿದ. ತಮ್ಮನಿಗೆ ಇಲ್ಲಿ ಮನೆ ಇದೆಯಾ ಎಂದರೆ, ಯಾಕಿಲ್ಲ ಎಂದ. ಎಲ್ಲಿ ಎಂದರೆ, ತನ್ನ ಬೆನ್ನ ಹಿಂದಿನ ಗೋಡೆ ತೋರಿಸಿದ. ನನಗೆ ತಲೆಬುಡ ತಿಳಿಯಲಿಲ್ಲ.

ಅವನು ಏಣಿ ಹಚ್ಚಿ ನನ್ನನ್ನು ಮಾಳಿಗೆ ಹತ್ತಿಸಿದ. ಆ ವಯಸ್ಸಿನಲ್ಲಿ, ಸೀರೆಯುಟ್ಟು! ಬೆಳಕಿಂಡಿಯಲ್ಲಿ ಬಗ್ಗಿ ನೋಡಿದರೆ ಕೆಳಗೊಂದು ಕೋಣೆ ಕಂಡಿತು. ತೊಲೆಗೆ ಕಟ್ಟಿದ್ದ ಬಟ್ಟೆಯ ತೊಟ್ಟಿಲು ಹಾಗೇ ತೂಗುತ್ತಿತ್ತು. ಪಾಲಾದಾಗ ಮುಂದಿನ ಪಡಸಾಲೆ ಎರ್ರಿಸ್ವಾಮಿಗೆ, ಹಿಂದಿನ ಅಡುಗೆಮನೆ ನಡುವಿನ ತಮ್ಮನಿಗೆ, ಮಧ್ಯದ ನಡುಮನೆ ಗಾದಿಲಿಂಗಪ್ಪನಿಗೆ ಬಂದಿತ್ತು. ಆಮೇಲೆ ಅಣ್ಣತಮ್ಮಂದಿರು ಮೂವರೂ ಜಗಳವಾಡಿದರು, ಗಾದಿಲಿಂಗಪ್ಪ ಊರು ಬಿಟ್ಟ. ಮುಂದಿನವನು ಒಂದು ಗೋಡೆ ಎಬ್ಬಿಸಿದ, ಹಿಂದಿನವನು ಇನ್ನೊಂದು. ಎರಡು ಪಕ್ಕದಲ್ಲೂ ಬೇರೆಯವರ ಮನೆಗಳು. ಅಂತೂ ಗಾದಿಲಿಂಗಪ್ಪನಿಗೆ ಮನೆ ಇತ್ತು, ಒಳಗೆ ಹೋಗಲು ಬಾಗಿಲಿರಲಿಲ್ಲ. ಇಬ್ಬರೂ ನಿಜವನ್ನೇ ಹೇಳಿದ್ದರು. ಈಗ ನಾನು ಸಮಿತಿಗೆ ಏನೆಂದು ವರದಿ ಮಾಡಲಿ?

ಏಣಿ ಇಳಿದವಳೇ ಎರ್ರಿಸ್ವಾಮಿಯನ್ನು ತರಾಟೆಗೆ ತೆಗೆದುಕೊಂಡೆ. ಅವನೇನೂ ಕೆಟ್ಟವನಲ್ಲ. “ಗ್ವಾಡಿ ಒಡದು ಬಾಗಲಾ ಬಿಡ್ತೀನ್ರಿ ಅಕ್ಕಾರ. ಅವ ಬಂದು ಒಂದ್ ಮಾತು ಕೇಳ್ಲಿ, ಸಾಕು” ಎಂದ.

ನಾನು ಹಿಗ್ಗಿಹೋದೆ. ಒಂದು ಬಾಗಿಲು ತೆಗೆಸಿದರೆ ಈ ಕುಟುಂಬಕ್ಕೆ ಸ್ವಂತ ಮನೆಯಾಯಿತು, ಖಾಲಿ ಕೋಣೆ ಇನ್ನೊಬ್ಬರಿಗೆ ಸಿಕ್ಕಿತು ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ನೇರ ಖಾನಾವಳಿಯ ಹಿಂದಕ್ಕೆ ಹೋಗಿ, ಚಾದರ ಮಡಚುತ್ತಿದ್ದ ಹುಲಿಗೆಮ್ಮನಿಗೆ ಸುದ್ದಿ ಹೇಳಿದೆ. ಅವಳು ಚಾದರ ಬದಿಗಿಟ್ಟು ಎದ್ದು ನಿಂತಳು.

“ಆ ಬಾಗಲಾ ತೆಗಸಬ್ಯಾಡ್ರಿ ಅಕ್ಕಾರ. ತೆಗದ್ರ ಇವರು ನಾಳಿನೇ ಕರಕೊಂಡು ಹೋಗ್ತಾರ. ನನ್ನ ದುಡಿಮಿ ಇಲ್ಲೈತಿ, ಹುಡುಗ್ಯಾರ ಸಾಲಿ ಇಲ್ಲೈತಿ. ಅಲ್ಲಿ ಏನೈತ್ರಿ, ಆ ಕತ್ತಲ ಕೋಲಿ.”

ಅಲ್ಲಿಗೆ ನನ್ನ ಬುದ್ಧಿ ನಿಂತುಹೋಯಿತು. ಮನೆ ಬೇಡ ಎನ್ನುವ ನಿರಾಶ್ರಿತಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಾಗಿಲು ಮಾಡಿಸುವುದು ಸಹಾಯವೋ, ಮಾಡಿಸದಿರುವುದು ಸಹಾಯವೋ? ಗಂಡನ ಕಡೆ ನಿಲ್ಲಲೋ, ಹೆಂಡತಿಯ ಕಡೆಯೋ? ಗಾದಿಲಿಂಗಪ್ಪನನ್ನು ಕೇಳಿದರೆ, ಮನೆ ತನ್ನದೇ, ಅಣ್ಣನನ್ನು ಬೇಡುವವನಲ್ಲ ಎಂದ. ಪಾಪ, ಅವನಿಗೆ ಮನೆ ತನ್ನದು ಎಂಬ ಆ ಮಾತು ಬಿಟ್ಟರೆ ಊರಲ್ಲಿ ಬೇರೆ ಗುರುತು ಉಳಿದಿರಲಿಲ್ಲ.

ಮತ್ತೆ ಸಮಿತಿ ಸೇರಿತು, ಗಂಡ ಹೆಂಡತಿಯನ್ನೂ ಕರೆಸಿದ್ದೆವು. ಕಂಡದ್ದನ್ನೆಲ್ಲ ಹೇಳಿದೆ. ಬಾಗಿಲಿಲ್ಲದಿದ್ದರೂ ಆಸ್ತಿ ಆಸ್ತಿಯೇ ಎಂದರು ಒಬ್ಬರು. ಒಳಗೆ ಹೋಗಲಾಗದ್ದು ಮನೆ ಹೇಗಾಗುತ್ತದೆ ಎಂದರು ಇನ್ನೊಬ್ಬರು. ಚರ್ಚೆ ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆಗ ಗೋಡೆಗೊರಗಿ ನಿಂತಿದ್ದ ಹುಲಿಗೆಮ್ಮ ಯಾರೂ ಕೇಳದೆ ಬಾಯಿ ತೆಗೆದಳು.

“ಮನಿ ಇರೋದು ಅವರಿಗ್ರಿ. ನನಗಿಲ್ಲ. ನನ್ನ ಹೆಸರಿಗೆ ಕೊಡ್ರಿ.”

ನಾನು ನಿಯಮಗಳ ಹಾಳೆ ತೆಗೆದು ನೋಡಿದೆ. ಅರ್ಜಿದಾರರಿಗೆ ಸ್ವಂತ ಮನೆ ಇರಬಾರದು ಎಂದಷ್ಟೇ ನಮ್ಮ ನಿಯಮ. ಅರ್ಜಿದಾರ ಎಂದರೆ ಗಂಡ ಎಂದು ಎಲ್ಲೂ ಬರೆದಿರಲಿಲ್ಲ. ಅದು ನಾವೇ ಹಾಕಿಕೊಂಡ ರೂಢಿ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತಾ, ಹಾಗೆ ನೋಡಿದರೆ ಊರಿನ ಹೆಣ್ಣುಮಕ್ಕಳೆಲ್ಲ ನಾಳೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ ಎಂದರು. ಮಳೆ ಬರ್ತದೆ ಸರ್, ಮೊದಲು ಇವಳದ್ದು ಮುಗಿಸಿ ಎಂದೆ. ಗೊಣಗುತ್ತಲೇ ಒಪ್ಪಿದರು.

ಅವರು ಕೋಣೆಗೆ ಬಂದ ಸಂಜೆ ಬೀಗದ ಕೈಯನ್ನು ಹುಲಿಗೆಮ್ಮನ ಕೈಗೇ ಕೊಟ್ಟೆ. ಹುಡುಗಿಯರು ಒಳಗೆ ಓಡಿದರು. ಗಾದಿಲಿಂಗಪ್ಪ ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂತು, ಪಕ್ಕದ ಕೋಣೆಯವನಿಗೆ ಮೆಟ್ರಿಯ ಮಾಳಿಗೆ ಮನೆಯ ತೊಲೆಗಳ ದಪ್ಪ ವರ್ಣಿಸುತ್ತಿದ್ದ. ಒಳಗಿನಿಂದ ಹುಲಿಗೆಮ್ಮ ಕರೆದಳು: “ಬರ್ರಿ ಒಳಗ, ಅನ್ನ ಆರ್ತದ.” ಅವನು ಚಪ್ಪಲಿ ಬಿಟ್ಟು, ಬೀಗರ ಮನೆಗೆ ಬಂದವನ ಹಾಗೆ ಸಂಕೋಚದಿಂದ ತಲೆ ಬಗ್ಗಿಸಿ ಒಳಗೆ ಹೋದ. ಒಬ್ಬಳಿಗೆ ಮನೆ ಕೊಟ್ಟೆನೋ, ಒಬ್ಬನಿಂದ ಕಿತ್ತುಕೊಂಡೆನೋ, ಇವತ್ತಿಗೂ ಬಗೆಹರಿದಿಲ್ಲ.

ಆ ಪ್ರಕರಣದ ನಂತರ, ನಿವೃತ್ತಿಗೆ ಉಳಿದ ದಿನಗಳಲ್ಲಿ, ಮನೆ ಇದೆಯೇ ಎಂಬ ಪ್ರಶ್ನೆಯನ್ನು ಗಂಡನಿಗೊಮ್ಮೆ, ಹೆಂಡತಿಗೊಮ್ಮೆ ಬೇರೆಬೇರೆಯಾಗಿಯೇ ಕೇಳಿದೆ. ಕೆಲಸ ಕಲಿಸಿದ್ದು ಅಷ್ಟು. ಆದರೆ ಬೀಗದ ಕೈ ಕೊಟ್ಟ ರಾತ್ರಿ ಊಟಕ್ಕೆ ಕೂತಾಗ ನನ್ನ ಯಜಮಾನರು, ಆ ಹೆಂಗಸಿಗೆ ಮನೆ ಆಯಿತಾ ಎಂದು ಕೇಳಿದರು. ಆಯಿತು ಎಂದೆ. ಅನ್ನುತ್ತಿದ್ದಂತೆ, ನಾವು ಕೂತಿದ್ದ ಆ ಮನೆ ಅವರ ಹೆಸರಿನಲ್ಲಿರುವುದು ನೆನಪಾಗಿ, ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.