ಪೊರ್ಬುಗಳ ಸುತ್ತಿಗೆ

ಮೊನ್ನೆ ಸೊಸೆ ದೇವರ ದೀಪ ಬೆಳಗಲೆಂದು ಅಂಗಡಿಯಿಂದ ಹಿತ್ತಾಳೆ ಪಾಲಿಶ್ ತಂದಳು. ಮುಚ್ಚಳ ತೆಗೆದದ್ದೇ ತಡ, ಆ ಘಾಟು ವಾಸನೆ ಮೂಗಿಗೆ ಅಡರಿ ನಾನು ಅಡುಗೆಮನೆಯಿಂದ ಎದ್ದು ಜಗಲಿಗೆ ಬಂದೆ. ನನಗೆ ವಾಸನೆ ಆಗುವುದಿಲ್ಲ ಎಂದು ಅವಳು ತಿಳಿದಳು. ನನ್ನ ಕಣ್ಣ ಮುಂದೆ ಬಂದದ್ದು ಗಲ್ಫಿನ ಸುವೈಕ್‌ನ ವರ್ಕ್‌ಶಾಪು, ಫಳಫಳ ಹೊಳೆಯುವ ಒಂದು ತಟ್ಟೆ, ಆಮೇಲೆ ಆ ಸುತ್ತಿಗೆ...

ಎಂಬತ್ತರ ದಶಕದ ಕೊನೆಯ ವರ್ಷಗಳವು. ಪಂಪುಸೆಟ್ಟು ರಿಪೇರಿಯ ಆ ವರ್ಕ್‌ಶಾಪಿನ ಆಫೀಸಿನಲ್ಲಿ ನಾನು ಟೈಪಿಸ್ಟ್. ಲೇತ್ ಮೆಷಿನ್ ನಡೆಸುತ್ತಿದ್ದವರು ನಮ್ಮ ಪಕ್ಕದ ಮನೆಯವರೇ, ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ನಮ್ಮೂರಿನ ತುಳುವರು ಕರೆಯುವ ಹಾಗೆ ನಾನೂ ಅವರನ್ನು ಪೊರ್ಬುಗಳೇ ಎಂದು, ಅವರ ಹೆಂಡತಿಯನ್ನು ಬಾಯಮ್ಮ ಎಂದು ಕರೆಯುತ್ತಿದ್ದೆ. ಬಾಯಮ್ಮ ಮಹಾ ಮಾತುಗಾತಿ. ಪೊರ್ಬುಗಳು ಆಡಬೇಕಾದ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು, ಪೊರ್ಬುಗಳು ನಗುತ್ತ ಕೂತಿರುತ್ತಿದ್ದರು.

ನಮ್ಮೆಲ್ಲರ ವೀಸಾ ಕೈಯಲ್ಲಿದ್ದ ಯಜಮಾನನಿಗೆ, ನಮ್ಮ ಅರ್ಬಾಬ್‌ಗೆ, ತಂದೆಯಿಂದ ಬಂದ ಹಳೆಯ ಕೋವಿಯೊಂದಿತ್ತು. ಆ ಕಡೆ ಮದುವೆಯಲ್ಲಿ ಗಂಡಸರು ಆಕಾಶಕ್ಕೆ ಗುಂಡು ಹಾರಿಸದಿದ್ದರೆ ಮದುವೆಗೆ ಕಳೆಯೇ ಇಲ್ಲ. ಆ ಕೋವಿಯ ತೋಟೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹೊಡೆದ ತೋಟೆಗಳ ಹಿತ್ತಾಳೆ ಚಿಪ್ಪುಗಳನ್ನು ಹೆಕ್ಕಿ ತಂದು ಅವನ್ನೇ ಮತ್ತೆ ತುಂಬಬೇಕು. ತುಂಬುವುದು ಅರ್ಬಾಬ್‌ನ ಕೈ, ಆರಿಸುವುದು ಪೊರ್ಬುಗಳ ಕಣ್ಣು.

ಅವರು ಕಿಟಕಿಯ ಬೆಳಕಿಗೆ ಕೂತು ಒಂದೊಂದೇ ಚಿಪ್ಪನ್ನು ಒಣ ಬಟ್ಟೆಯಲ್ಲಿ ಒರೆಸಿ ತಿರುಗಿಸಿ ನೋಡುತ್ತಿದ್ದರು. ಬಾಯಿ ಸೀಳಿದೆಯೇ, ಬುಡದ ಹತ್ತಿರ ಸುತ್ತಲೂ ಬಿಳಿಚಿದ ಗೆರೆ ಬಿದ್ದಿದೆಯೇ ಎಂದು. ಆಮೇಲೆ ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಇಳಿಸಿ, ಕಣ್ಣು ಮುಚ್ಚಿ ಚಿಪ್ಪಿನ ಒಳಗೋಡೆ ತಡವುತ್ತಿದ್ದರು. ತಂತಿ ಎಲ್ಲಾದರೂ ತಡೆಯಿತೋ, ಅಲ್ಲಿ ಹಿತ್ತಾಳೆ ತೆಳುವಾಗಿದೆ ಎಂದರ್ಥ. ಅಂಥದ್ದನ್ನು ಅವರು ಪಕ್ಕಕ್ಕಿಡುತ್ತಿರಲಿಲ್ಲ, ಅಲ್ಲೇ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುತ್ತಿದ್ದರು.

“ಇಟ್ಟರೆ ನಾಳೆ ಯಾರಿಗಾದರೂ ಆಸೆ ಆಗ್ತದೆ ಅಕ್ಕ. ತೋಟೆ ಒಡೆದರೆ ಬೆಂಕಿ ಹಿಂದಕ್ಕೇ ಬರುದು. ಕೋವಿಗೆ ಕೆನ್ನೆ ಇಟ್ಟವನ ಬಲಗಣ್ಣು ಹೋಯ್ತು ಅಂತಲೇ ಲೆಕ್ಕ.”

ಅರ್ಬಾಬ್‌ನ ಹಿರಿಮಗನ ಮದುವೆ ಬಂತು. ವರ್ಕ್‌ಶಾಪಿನಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದ್ದರಿಂದ ಪೊರ್ಬುಗಳು ಚಿಪ್ಪುಗಳನ್ನು ಮನೆಗೊಯ್ದರು. ಕಪ್ಪು ಹಿಡಿದ ಅವನ್ನು ಬಾಯಮ್ಮ ನೋಡಿದರು. ಮದುವೆಗೆ ಇಂಥದ್ದನ್ನು ಕೊಡುವುದುಂಟೇ? ಊರಿನ ಇಗರ್ಜಿಯಲ್ಲಿ ಹಬ್ಬದ ಮುನ್ನ ಮೇಣದಬತ್ತಿಯ ಕಂಬಗಳನ್ನು ಬೆಳಗಿದ ಕೈ ಅದು. ಘಾಟು ಪಾಲಿಶನ್ನು ಧಾರಾಳವಾಗಿ ಬಳಿದು, ರಾತ್ರಿಯಿಡೀ ಬಿಟ್ಟು, ಮರುದಿನ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದರು. ಚಿಪ್ಪು ತುಂಬಿದ ತಟ್ಟೆಯನ್ನು ತಾವೇ ಹೊತ್ತು ವರ್ಕ್‌ಶಾಪಿಗೆ ಬಂದರು.

ಮೊದಲು ನೋಡಿದ್ದು ಅರ್ಬಾಬ್. “ಮಾಶಾ ಅಲ್ಲಾ! ಯೇ ತೋ ಸೋನಾ ಹೈ!” ಎಂದು ಮುಷ್ಟಿ ತುಂಬ ಬಾಚಿಕೊಂಡ. ಪೊರ್ಬುಗಳು ಲೇತ್ ನಿಲ್ಲಿಸಿ ಬಂದು ಒಂದನ್ನೆತ್ತಿ ಮೂಸಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಟೈಪ್‌ರೈಟರಿನ ಹಿಂದಿನಿಂದ ನೋಡಿದೆ.

“ಒಂದೂ ಆಗುದಿಲ್ಲ. ಅಕ್ಕ, ಅವರಿಗೆ ಅರ್ಥ ಆಗುವ ಹಾಗೆ ಹೇಳಿ ಮಾರಾಯ್ರೆ. ನೋಡಬೇಕಾದ ಗುರುತೆಲ್ಲ ಉಜ್ಜಿ ಹೋಗಿದೆ. ಈ ಮದ್ದು ಹಿತ್ತಾಳೆಯ ಜೀವ ತಿಂತದೆ, ಅದು ತಂತಿಗೂ ಗೊತ್ತಾಗುದಿಲ್ಲ.”

ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಅರ್ಬಾಬ್ ಒಂದು ಚಿಪ್ಪನ್ನು ಪೊರ್ಬುಗಳ ಮೂಗಿನ ಬಳಿ ಹಿಡಿದ. “ಕಹಾಂ ಹೈ ಕ್ರ್ಯಾಕ್? ದಿಖಾವ್.”

ತೋರಿಸಲು ಬಿರುಕಿರಲಿಲ್ಲ. ಬೇರೆ ಚಿಪ್ಪು ಹುಡುಕಲು ಸಮಯವೂ ಇರಲಿಲ್ಲ, ನೆಂಟರು ದೂರದ ಖಸಬ್‌ನಿಂದಲೇ ಹೊರಟಾಗಿತ್ತು. ತಂದೆಯ ಕೋವಿ ಸುಮ್ಮನಿದ್ದರೆ ಮನೆತನದ ಮಾನ ಹೋದ ಹಾಗೆ. ಅರ್ಬಾಬ್‌ನ ದನಿ ಏರಿತು. ಹೀಗೆ ಮಾಡಿದ್ದು ಯಾರು?

ಬಾಗಿಲಲ್ಲಿ ನಿಂತ ಬಾಯಮ್ಮನ ಬಾಯಿ ಮೊದಲ ಸಲ ಕಟ್ಟಿಹೋಗಿತ್ತು. ಪೊರ್ಬುಗಳು ಅತ್ತ ನೋಡಲೇ ಇಲ್ಲ.

“ಮೈನೇ ಕಿಯಾ, ಅರ್ಬಾಬ್,” ಎಂದರು. ತಟ್ಟೆಯನ್ನು ಬೆಂಚಿನ ಮೇಲಿಟ್ಟು ಸುತ್ತಿಗೆ ತೆಗೆದುಕೊಂಡರು.

ಮೊದಲ ಪೆಟ್ಟು ಬಿತ್ತು. ಅರ್ಬಾಬ್ ಕೈ ಹಿಡಿದು ತಡೆಯಬಹುದಿತ್ತು, ಏಕೋ ತಡೆಯಲಿಲ್ಲ. ಕೆಲಸದವರೆಲ್ಲ ಮೆಷಿನ್ ನಿಲ್ಲಿಸಿದರು. ತಟ್ಟೆ ಖಾಲಿಯಾಗುವವರೆಗೆ ಆ ಸದ್ದೊಂದೇ... ಕೊನೆಗೆ ಅರ್ಬಾಬ್, “ಖಲಾಸ್,” ಎಂದು ಹೊರಟುಹೋದ.

ಮದುವೆಯಲ್ಲಿ ಬೇರೆಯವರ ಕೋವಿಗಳು ಸದ್ದು ಮಾಡಿದವು, ಆ ಕೋವಿ ಗೋಡೆಯಲ್ಲೇ ನೇತಾಡಿತು. ಪೊರ್ಬುಗಳ ವೀಸಾ ಮತ್ತೆ ಆಗಲಿಲ್ಲ. ಹೊರಡುವ ದಿನ ಬಾಯಮ್ಮ ನನ್ನನ್ನು ತಬ್ಬಿಕೊಂಡು, ತನ್ನಿಂದಲೇ ಇವರ ಅನ್ನ ಹೋಯಿತು ಎಂದು ಗೋಳೋ ಎಂದು ಅತ್ತರು. ಪೊರ್ಬುಗಳು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು.

“ಅವು ಒಡೀತಿದ್ದವಾ ಇಲ್ವಾ, ನಂಗೂ ಗೊತ್ತಿಲ್ಲ ಅಕ್ಕ,” ಎಂದರು. “ಆದರೆ ನನ್ನ ಕೆನ್ನೆಗೆ ಇಟ್ಟು ನಾನು ಹೊಡೀತಿರಲಿಲ್ಲ. ಮತ್ತೆ ಅವರಿಗೆ ಹೇಗೆ ಕೊಡುದು?”

ಪೊರ್ಬುಗಳ ಮೇಲೆ ನನಗೆ ಆಗ ಸಿಟ್ಟೂ ಬಂದಿತ್ತು. ನಾಲ್ಕು ಚಿಪ್ಪನ್ನಾದರೂ ಉಳಿಸಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ತೊಂಬತ್ತರ ದಶಕದ ನಡುವೆ, ಒಂದು ಬೆಳಿಗ್ಗೆ ಅರ್ಬಾಬ್ ಆಫೀಸಿಗೆ ಬಂದು ನನ್ನ ಮೇಜಿನ ಎದುರು ಕೂತ. ಹಿಂದಿನ ದಿನ ನೆಂಟರ ಮದುವೆಯಲ್ಲಿ, ಅವನ ಪಕ್ಕದಲ್ಲೇ ನಿಂತವನ ಕೋವಿಯಲ್ಲಿ ಮತ್ತೆ ತುಂಬಿದ ತೋಟೆ ಒಡೆದಿತ್ತು. ಹೊಡೆದವನ ಬಲಗಣ್ಣು ಹೋಗಿತ್ತು. ಪೊರ್ಬುಗಳಿಗೆ ಇವತ್ತೇ ವೀಸಾ ಕಳಿಸುತ್ತೇನೆ, ವಿಳಾಸ ಟೈಪ್ ಮಾಡು ಎಂದ.

ನಾನು ಟೈಪ್ ಮಾಡಲಿಲ್ಲ. ಪೊರ್ಬುಗಳು ಆ ವರ್ಷದ ಮಳೆಗಾಲದಲ್ಲೇ ಊರಲ್ಲಿ ತೀರಿಕೊಂಡಿದ್ದರು. ಹೇಳಿದೆ. ಅರ್ಬಾಬ್ ಅಂಗೈಯನ್ನು ಎತ್ತಿ ತನ್ನ ಬಲಗಣ್ಣಿನ ಮೇಲೆ ಇಟ್ಟುಕೊಂಡು ಕೂತ. ಅದನ್ನು ನೋಡಬೇಕಾಗಿದ್ದವರು ಇರಲಿಲ್ಲ, ನಾನೊಬ್ಬಳು ನೋಡಿದೆ.

ಒಳಗಿನಿಂದ ಸೊಸೆ ಕೂಗಿದಳು, ದೀಪ ಹೇಗೆ ಹೊಳೆಯುತ್ತಿದೆ ಬಂದು ನೋಡಿ ಎಂದು. ಚೆನ್ನಾಗಿ ಹೊಳೆಯುತ್ತಿತ್ತು. ನಾನು ಅದನ್ನು ಕೈಗೆತ್ತಿಕೊಂಡು, ಸುಮ್ಮನೆ, ಬುಡದ ಸುತ್ತ ಉಗುರಿನಿಂದ ತಡವಿ ನೋಡಿದೆ.