ಗೆದ್ದ ಮೇಲೆ ದೊಡ್ಡದಾದ ಎಂಜಿನ್

ಮೊನ್ನೆ ಹೆಬ್ಬೂರಿನ ನಮ್ಮ ತೋಟದಲ್ಲಿ ಆಳೊಬ್ಬ ಕಳೆ ಕೊಯ್ಯುವ ಮೆಷಿನ್ನಿಗೆ ಹಾಕಲು ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕೆಟ್ಟ ಸಿಟ್ಟು ಬಂತು. ನನ್ನ ಮುಖ ನೋಡಿ ಅವನು, "ಯಾಕಕ್ಕಾ, ಜಾಸ್ತಿ ಹಾಕ್ಬುಟ್ನಾ?" ಅಂತ ಗಾಬರಿಯಾದ. ಪಾಪ, ಅವನದೇನೂ ತಪ್ಪಿರಲಿಲ್ಲ. ನಮ್ಮ ಮಹಡಿ ಮನೆಯ ಅಣ್ಣ ಹೀಗೇ ಪೆಟ್ರೋಲಿಗೆ ಆಯಿಲ್ ಬೆರೆಸುತ್ತಿದ್ದರು... ಅವರಿಗಾದ ಅನ್ಯಾಯ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ತುಮಕೂರಿನ ನಮ್ಮ ಮನೆಯ ಮಹಡಿಯಲ್ಲಿ ಅವರೂ ಅವರ ಹೆಂಡತಿಯೂ ಬಾಡಿಗೆಗಿದ್ದರು. ಕುಣಿಗಲ್ ಕಡೆಯವರು. ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ. ನಾನಾಗ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದೆ. ವಿನಯ ಅನ್ನುವುದು ಅಣ್ಣನ ಹತ್ತಿರವೂ ಸುಳಿದಿರಲಿಲ್ಲ. ಬೀದಿಯಲ್ಲಿ ಯಾವ ಗಾಡಿ ಹೋದರೂ ಮಹಡಿಯ ಮೇಲಿಂದಲೇ ಅದರ ಎಂಜಿನ್ನನ್ನು ಬಯ್ಯುತ್ತಿದ್ದರು. ಗಾಡಿಯವನು ತಲೆಯೆತ್ತಿ ನೋಡಿದರೆ ಅವನನ್ನೂ ಬಯ್ಯುತ್ತಿದ್ದರು.

ಅವರು ಬೆಂಗಳೂರಿನ ಗುಜರಿಯಿಂದ ಯಾವುದೋ ವಿದೇಶಿ ಕಾರಿನ ರೋಟರಿ ಎಂಜಿನ್ ತಂದು ನಮ್ಮ ಹಿತ್ತಲಿನ ಶೆಡ್ಡಿನಲ್ಲಿಟ್ಟುಕೊಂಡರು. ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಇದರಲ್ಲಿ ಪಿಸ್ಟನ್ನೇ ಇಲ್ಲ. ಸಮೋಸದ ಹಾಗೆ ಮೂರು ಮೂಲೆಯಿರುವ ಲೋಹದ ಗಟ್ಟಿಗಳು ಗೂಡಿನೊಳಗೆ ಗಿರಗಿರನೆ ಸುತ್ತುತ್ತವೆ. ಮೂಲೆಮೂಲೆಗೂ ಒಂದೊಂದು ತೆಳು ಪಟ್ಟಿ, ಅದೇ ಸೀಲು. ಅದು ಸವೆದರೆ ಎಂಜಿನ್ನಿನ ಕಥೆ ಮುಗಿಯಿತು. ಅದು ಒಣಗಬಾರದೆಂದೇ ಪೆಟ್ರೋಲಿಗೆ ಆ ಆಯಿಲ್. ಅಂಥ ಸೀಲು ತುಮಕೂರಿನಲ್ಲಿ ಯಾರ ಅಂಗಡಿಯಲ್ಲಿ ಸಿಗಬೇಕು? ಎರಕದ ಕಬ್ಬಿಣದಲ್ಲಿ ತಾವೇ ಕೊಯ್ದರು, ಅರದಿಂದ ಉಜ್ಜಿದರು. ಕೂರಿಸಿದ್ದು ಮುರಿಯಿತು. ಬಿಚ್ಚಿದರು, ಮತ್ತೆ ಕೊಯ್ದರು. ಎಷ್ಟು ತಿಂಗಳು ಹೀಗೆ ನಡೆಯಿತೋ... ಹೊಗೆಯ ಕಾಟಕ್ಕೆ ನಮ್ಮಮ್ಮ ಒಗೆದ ಬಟ್ಟೆಯನ್ನು ಹಿತ್ತಲಲ್ಲಿ ಒಣಹಾಕುವುದನ್ನೇ ಬಿಟ್ಟುಬಿಟ್ಟರು.

ಕೊನೆಗೆ ಎಂಜಿನ್ ಒಂದು ಹಳೆಯ ಜಿಪ್ಸಿಯೊಳಗೆ ಕೂತಿತು. ಓಡಿಸುವವಳು ನಾನು, ಪಕ್ಕದಲ್ಲಿ ಕಣ್ಣು ಮುಚ್ಚಿ ಸದ್ದು ಕೇಳುವವರು ಅವರು. ಬರೇ ಸದ್ದಿನ ಮೇಲೆ ಎಲ್ಲಿ ಪೆಟ್ರೋಲ್ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ತಿಳಿದು ಇಳಿದು ತಿದ್ದುತ್ತಿದ್ದರು. ನನಗೂ ಬೈಗುಳ ತಪ್ಪುತ್ತಿರಲಿಲ್ಲ. "ಏನ್ ತಂಗೀ, ಎಲ್ ಬೋರ್ಡ್‌ನವ್ರಿಗೆ ಕಲ್ಸೋ ಥರ ಗೇರ್ ಹಾಕ್ತೀಯಲ್ಲ! ಅದು ಇನ್ನೂ ಕೂಗ್ತದೆ, ಕೂಗಕ್ ಬುಡು!" ಕೂಗಲು ಬಿಟ್ಟೆ. ಆ ಕೂಗಿಗೆ ನಾನು ಸೋತುಹೋದೆ.

ಗುಬ್ಬಿ ದಾಟಿ ಹಾಗಲವಾಡಿ ಕಡೆಗಿನ ಒಂದು ಬಯಲಿನಲ್ಲಿ ಆ ವರ್ಷ ಮಣ್ಣಿನ ಟ್ರ್ಯಾಕ್ ಮಾಡಿ ರೇಸ್ ಇಟ್ಟಿದ್ದರು. ಅಣ್ಣನಿಗೆ ಕಪ್ಪಿನ ಆಸೆಯಿರಲಿಲ್ಲ. ತಮ್ಮ ಕೈಯಲ್ಲಿ ಎದ್ದು ಕೂತ ಎಂಜಿನ್ ಗೆದ್ದಿತು ಎಂಬ ಒಂದು ಮಾತು ನಾಲ್ಕು ಜನರ ಬಾಯಲ್ಲಿ ಬರಬೇಕಿತ್ತು, ಅಷ್ಟೇ. ನಮ್ಮದು ಸಾವಿರದ ಮುನ್ನೂರು ಸಿಸಿ, ಸೇರಿಸಿದ್ದು ಚಿಕ್ಕ ಎಂಜಿನ್‌ಗಳ ಕ್ಲಾಸಿಗೆ. ರೇಸಿನ ದಿನ ಬೆಳಿಗ್ಗೆ ಹೆಸರು ಕೊಡುವಾಗಲೇ ಅಣ್ಣ ಮೇಜಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಇದು ರೋಟರಿ ಕಣ್ರೀ. ಕೆಲವು ಕಡೆ ಸಿಸಿ ಡಬಲ್ ಮಾಡಿ ಲೆಕ್ಕ ಹಾಕ್ತಾರೆ. ನೀವೂ ಹಾಕೋದಾದ್ರೆ ಈಗ್ಲೇ ಹೇಳ್ಬುಡಿ, ದೊಡ್ಡ ಕ್ಲಾಸಲ್ಲೇ ಓಡಿಸ್ತೀವಿ." ಮೇಜಿನ ಹಿಂದೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. "ಮೊದ್ಲು ಸ್ಟಾರ್ಟ್ ಆಗ್ಲಿ ಬಿಡಿ ಸ್ವಾಮಿ" ಅಂದರು.

ಸ್ಟಾರ್ಟ್ ಆಯಿತು. ಸ್ಟಾರ್ಟ್ ಆಗಿದ್ದಷ್ಟೇ ಅಲ್ಲ, ಬೆಂಗಳೂರಿನಿಂದ ಲಾರಿಯ ಮೇಲೆ ಬಂದಿದ್ದ ಗಾಡಿಗಳೆಲ್ಲ ಕೊನೆಯ ಸುತ್ತಿನಲ್ಲಿ ನಮ್ಮ ಧೂಳು ಕುಡಿಯುತ್ತಿದ್ದವು. ನಾನು ಗಾಡಿಯಿಂದ ಇಳಿದಾಗ ಅಣ್ಣ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಬಯ್ಯದೆ ನಿಂತ ಅಣ್ಣನನ್ನು ನಾನು ನೋಡಿದ್ದು ಅದೇ ಮೊದಲು.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಸೋತವರು ರೇಸಿನವರ ಶಾಮಿಯಾನಕ್ಕೆ ನುಗ್ಗಿದರು. ಬೆಳಿಗ್ಗೆ ನಕ್ಕವರೇ ಈಗ ಗಂಭೀರವಾಗಿ ಕೂತು ಸಿಸಿ ಡಬಲ್ ಮಾಡಿದರು. ಎಂಜಿನ್ ದೊಡ್ಡದಾಯಿತು, ನಮ್ಮ ಹೆಸರನ್ನು ಚಿಕ್ಕ ಕ್ಲಾಸಿನಿಂದ ಹೊಡೆದುಹಾಕಿದರು. ಹೋಗಲಿ, ದೊಡ್ಡ ಕ್ಲಾಸಿನಲ್ಲಿ ನಮ್ಮ ಟೈಮ್ ಲೆಕ್ಕಕ್ಕೆ ಹಿಡಿಯಿರಿ ಅಂದರೆ, ಆ ಕ್ಲಾಸಿಗೆ ನೀವು ಸೇರಿಯೇ ಇಲ್ಲವಲ್ಲ ಅಂದರು! "ಅದುನ್ನೇ ಅಲ್ವೇನ್ರೀ ನಾನ್ ಬೆಳಗ್ಗೆ ಕೇಳಿದ್ದು?" ಅಂತ ಅಣ್ಣ ಗಂಟಲು ಹರಿಯುವಂತೆ ಕೂಗಿದರು. ಯಾರಿಗೂ ನೆನಪಿರಲಿಲ್ಲವಂತೆ. ಡಬಲ್ ಮಾಡುವುದೇ ಸರಿ ಇರಬಹುದು, ನಾನು ಅದಕ್ಕೆ ಜಗಳ ತೆಗೆಯುವುದಿಲ್ಲ. ಇವನು ಸೋಲುತ್ತಾನೆ ಅಂದುಕೊಂಡಾಗ ಬೇಡವಾದ ಲೆಕ್ಕ, ಗೆದ್ದ ಮೇಲೆ ಎಲ್ಲಿಂದ ಬಂತು? ನಾಚಿಕೆಗೇಡು.

ಅಣ್ಣ ಆ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲಿಲ್ಲ. ಬೀದಿಯ ಗಾಡಿಗಳನ್ನು ಬಯ್ಯುವುದೂ ಕಡಿಮೆಯಾಯಿತು... ಹೋದ ವರ್ಷ ಎದೆನೋವು ಅಂದವರು ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಈಗ ಹೋದ ತಿಂಗಳು ಅದೇ ರೇಸಿನವರು ತುಮಕೂರಿನಲ್ಲಿ ಸಮಾರಂಭ ಮಾಡಿ, ಅಣ್ಣನ ಫೋಟೋಗೆ ಹಾರ ಹಾಕಿ, ಜಿಲ್ಲೆಯ ಹೆಮ್ಮೆ ಅಂತ ಭಾಷಣ ಬಿಗಿದರು. ಶಾಲು ಹೊದಿಸಲು ಅತ್ತಿಗೆಯನ್ನು ವೇದಿಕೆಗೆ ಕರೆದರು. ಅತ್ತಿಗೆ ಶಾಲಿಗೆ ಕೈ ಅಡ್ಡ ಹಿಡಿದು, "ಇದು ಬ್ಯಾಡ ಸ್ವಾಮಿ. ಅವತ್ತು ಗೆದ್ದಿದ್ದು ನಮ್ಮನೆಯವ್ರೇ ಅಂತ ಮೈಕಲ್ಲಿ ಒಂದ್ಸಲ ಹೇಳ್ಬುಡಿ, ಸಾಕು" ಅಂದರು. ಅಧ್ಯಕ್ಷರು ನಗುನಗುತ್ತಲೇ, "ಅದೆಲ್ಲ ಹಳೇ ಕಥೆ ಅಲ್ವೇನಮ್ಮಾ" ಅಂದು ಮುಂದಿನವರ ಹೆಸರು ಕೂಗಿದರು.

ಅತ್ತಿಗೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಅಣ್ಣ ಇದ್ದಿದ್ದರೆ ಆ ಸಭೆಯ ಜನ್ಮ ಜಾಲಾಡಿಬಿಡುತ್ತಿದ್ದರು. ಅವರ ಹಾಗೆ ಬಯ್ಯಲು ನನಗೆ ಬರುವುದಿಲ್ಲ. ರೇಸಿನ ದಿನ ಅತ್ತಿಗೆ ಆ ಬಯಲಿಗೆ ಬಂದಿರಲಿಲ್ಲ. ಮನೆ ಹತ್ತಿರ ಬಂದಾಗ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ನೀನಾದ್ರೂ ನಿಜ ಹೇಳು ಕಣಮ್ಮಾ. ಅವ್ರು ಗೆದ್ದಿದ್ರು ತಾನೇ?"